ರಾಷ್ಟ್ರೀಯ ಪತ್ರಾಗಾರದಲ್ಲಿ ನಮ್ಮೂರನ್ನು ಹುಡುಕುವುದು ಹೇಗೆ?

ನಮ್ಮ ಗಡಿನಾಡಿನಲ್ಲಿ ನಾಲ್ಕು ಮಂದಿ ಕನ್ನಡಿಗರು ಒಂದೆಡೆ ಸೇರಿದರೆ ಹಳೆಯ ಕಾಲದ ಮಾತು ಬಾರದೆ ಇರುವುದಿಲ್ಲ. ಊರಿಗೆ ಶಾಲೆ ಬಂದದ್ದು ಯಾವಾಗ, ರೈಲು ಬಂದದ್ದು ಯಾವಾಗ, ಕಚೇರಿಯಲ್ಲಿ ಯಾವ ಭಾಷೆಯಲ್ಲಿ ಬರೆಯುತ್ತಿದ್ದರು, ಯಾವ ಗುಡ್ಡ ಯಾರ ಕುಮ್ಕಿಯಾಗಿತ್ತು ಎಂಬ ಎಷ್ಟೋ ಸಂಗತಿಗಳನ್ನು ಹಿರಿಯರು ಸ್ವಾರಸ್ಯವಾಗಿ ಹೇಳುತ್ತಾರೆ. ಕೇಳಲು ಹಿತವಾಗಿರುತ್ತದೆ. ಆದರೆ "ಇದಕ್ಕೆ ಆಧಾರವೇನು?" ಎಂದು ಯಾರಾದರೂ ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. "ಹಿಂದಿನವರು ಹೇಳುತ್ತಿದ್ದರು" ಎಂಬ ಉತ್ತರ ಜಗಲಿಗೆ ಸಾಕು. ಸರಕಾರದ ಕಚೇರಿಯಲ್ಲಿ, ನ್ಯಾಯಾಲಯದಲ್ಲಿ, ಚರಿತ್ರೆಯ ಪುಸ್ತಕದಲ್ಲಿ ಅದು ಸಾಲದು.

ಆ ಆಧಾರ ಬಹಳಷ್ಟು ಮಟ್ಟಿಗೆ ಇದೆ. ಅದು ಪತ್ರಾಗಾರಗಳಲ್ಲಿ ಇದೆ. ಪತ್ರಾಗಾರವೆಂದರೆ ಡಾಕ್ಟರೇಟು ಪಡೆಯಲು ಹೊರಟವರಿಗೆ ಮಾತ್ರ ಮೀಸಲಾದ ಸ್ಥಳವೆಂಬ ತಪ್ಪು ಕಲ್ಪನೆ ನಮ್ಮಲ್ಲಿ ಬೇರೂರಿದೆ. ಊರಿನ ಚರಿತ್ರೆ ಬರೆಯಬೇಕೆಂದಿರುವ ನಿವೃತ್ತ ಅಧ್ಯಾಪಕರು, ಶಾಲೆಯ ಶತಮಾನೋತ್ಸವದ ಸಂಚಿಕೆ ಸಿದ್ಧಪಡಿಸುವವರು, ಕಾಲೇಜಿನಲ್ಲಿ ಓದುವ ನಮ್ಮ ಮಕ್ಕಳು, ಎಲ್ಲರೂ ಅಲ್ಲಿಗೆ ಹೋಗಬಹುದು. ಆದರೆ ಸಿದ್ಧತೆಯಿಲ್ಲದೆ ಹೋದವರು ದಿನಗಟ್ಟಲೆ ಕುಳಿತು ಬರಿಗೈಯಲ್ಲಿ ಮರಳಬೇಕಾದೀತು. ದಿಲ್ಲಿಯ ರಾಷ್ಟ್ರೀಯ ಪತ್ರಾಗಾರವನ್ನು ಮುಖ್ಯವಾಗಿ ಗಮನದಲ್ಲಿರಿಸಿಕೊಂಡು, ಅಲ್ಲಿ ಕೆಲಸ ಮಾಡುವ ಬಗೆಯನ್ನು ಇಲ್ಲಿ ವಿವರಿಸಿದೆ.

ಏನಿದು ರಾಷ್ಟ್ರೀಯ ಪತ್ರಾಗಾರ?

1891ರ ಮಾರ್ಚ್ 11ರಂದು ಕಲ್ಕತ್ತೆಯಲ್ಲಿ 'ಇಂಪೀರಿಯಲ್ ರೆಕಾರ್ಡ್ ಡಿಪಾರ್ಟ್‌ಮೆಂಟ್' ಎಂಬ ಹೆಸರಿನಲ್ಲಿ ಇದು ಆರಂಭವಾಯಿತು. ಬ್ರಿಟಿಷ್ ಸರಕಾರ ರಾಜಧಾನಿಯನ್ನು ದಿಲ್ಲಿಗೆ ಬದಲಾಯಿಸಿದ ಮೇಲೆ ಕಡತಗಳೂ ಅಲ್ಲಿಗೆ ಬಂದವು. ಲಟ್ಯನ್ಸ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ 1926ರಲ್ಲಿ ಕಟ್ಟಿದ ಕೆಂಪು ಮತ್ತು ಬಿಳಿ ಕಲ್ಲಿನ ಕಟ್ಟಡ ಇಂದಿನ ಜನಪಥ ರಸ್ತೆಯಲ್ಲಿದೆ. ಸ್ವಾತಂತ್ರ್ಯಾನಂತರ 'ರಾಷ್ಟ್ರೀಯ ಪತ್ರಾಗಾರ'ವೆಂಬ ಹೆಸರು ಬಂತು. ಈಸ್ಟ್ ಇಂಡಿಯಾ ಕಂಪೆನಿಯ ಕಾಲದಿಂದ ಮೊದಲ್ಗೊಂಡು ಕೇಂದ್ರ ಸರಕಾರದ ವಿವಿಧ ಇಲಾಖೆಗಳ ಕಡತಗಳು, ನಕ್ಷೆಗಳು, ಗಣ್ಯರ ಖಾಸಗಿ ಪತ್ರಗಳು, ಬ್ರಿಟಿಷರು ಮುಟ್ಟುಗೋಲು ಹಾಕಿದ ಪುಸ್ತಕ ಮತ್ತು ಕರಪತ್ರಗಳು ಅಲ್ಲಿವೆ.

1993ರ ಸಾರ್ವಜನಿಕ ದಾಖಲೆಗಳ ಕಾಯಿದೆಯ ಪ್ರಕಾರ, ಪತ್ರಾಗಾರಕ್ಕೆ ಬಂದಿರುವ, ಮೂವತ್ತು ವರ್ಷ ದಾಟಿದ, ಗುಪ್ತವೆಂದು ವರ್ಗೀಕರಿಸದ ದಾಖಲೆಗಳನ್ನು ನಿಯಮಗಳಿಗೆ ಒಳಪಟ್ಟು ಅಭ್ಯಾಸಿಗಳಿಗೆ ತೋರಿಸಬಹುದು. ಇನ್ನೂ ಕಚೇರಿಗಳಲ್ಲೇ ಉಳಿದಿರುವ ಕಾಗದಪತ್ರಗಳಿಗಾದರೆ 2005ರ ಮಾಹಿತಿ ಹಕ್ಕು ಕಾಯಿದೆಯ ದಾರಿ ಇದೆ. ಎರಡೂ ದಾರಿಗಳು ಸಾಮಾನ್ಯ ಪ್ರಜೆಗೆ ತೆರೆದಿವೆ ಎಂಬುದನ್ನು ಮರೆಯಬಾರದು.

ಮೊದಲು ಕಚೇರಿಯನ್ನು ಹುಡುಕಿ

ಗ್ರಂಥಾಲಯಕ್ಕೂ ಪತ್ರಾಗಾರಕ್ಕೂ ಇರುವ ದೊಡ್ಡ ವ್ಯತ್ಯಾಸವನ್ನು ಮೊದಲು ತಿಳಿದುಕೊಳ್ಳಬೇಕು. ಗ್ರಂಥಾಲಯದಲ್ಲಿ ಪುಸ್ತಕಗಳನ್ನು ವಿಷಯದ ಪ್ರಕಾರ ಜೋಡಿಸಿರುತ್ತಾರೆ. ಚರಿತ್ರೆ ಬೇಕಾದವರು ಚರಿತ್ರೆಯ ಕಪಾಟಿನ ಬಳಿ ಹೋದರೆ ಸಾಕು. ಪತ್ರಾಗಾರದಲ್ಲಿ ಹಾಗಲ್ಲ. ಅಲ್ಲಿ ಕಡತಗಳು ಅವನ್ನು ಬರೆದ ಕಚೇರಿಯ ಪ್ರಕಾರ ಇರುತ್ತವೆ. "ಕುಂಬಳೆಯ ಬಗ್ಗೆ ಏನಿದೆ?" ಎಂದು ಕೇಳಿದರೆ ಅಲ್ಲಿಯ ನೌಕರರಿಗೆ ಉತ್ತರ ತೋಚದು. "1905ರಲ್ಲಿ ಲೋಕೋಪಯೋಗಿ ಇಲಾಖೆಯ ರೈಲ್ವೆ ಶಾಖೆಯ ಸೂಚಿಯನ್ನು ಕೊಡಿ" ಎಂದರೆ ತಕ್ಷಣ ಕೊಡುತ್ತಾರೆ. ನಮ್ಮ ಪ್ರಶ್ನೆಯನ್ನು ಕಚೇರಿಯ ಭಾಷೆಗೆ ಬದಲಾಯಿಸಿಕೊಳ್ಳುವುದೇ ಇಲ್ಲಿನ ಮುಖ್ಯ ವಿದ್ಯೆ.

ಇದು ನಮ್ಮ ಕಾಸರಗೋಡಿನವರಿಗೆ ಇತರರಿಗಿಂತ ಹೆಚ್ಚು ಅಗತ್ಯ. ಏಕೆಂದರೆ ನಮ್ಮ ಊರು ಇದ್ದಲ್ಲೇ ಇದ್ದರೂ ಅದರ ಕಚೇರಿ ಹಲವು ಬಾರಿ ಬದಲಾಗಿದೆ. 1799ರಲ್ಲಿ ಟಿಪ್ಪು ಸುಲ್ತಾನನ ಪತನದ ಬಳಿಕ ಕೆನರಾ ಪ್ರದೇಶ ಕಂಪೆನಿಯ ಕೈಸೇರಿತು. ಥಾಮಸ್ ಮನ್ರೋ ಅದರ ಮೊದಲ ಕಲೆಕ್ಟರನಾದನು. ಮುಂದೆ ಕೆನರಾ ಎರಡಾಗಿ, 1862ರಲ್ಲಿ ಉತ್ತರ ಭಾಗ ಮುಂಬಯಿ ಪ್ರಾಂತಕ್ಕೆ ಹೋಯಿತು. ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳದ ಮಲಬಾರು ಜಿಲ್ಲೆಗೆ ಸೇರಿತು. ಎರಡೇ ತಿಂಗಳಲ್ಲಿ, 1957ರ ಜನವರಿ 1ರಂದು, ಮಲಬಾರು ಜಿಲ್ಲೆ ಒಡೆದು ನಾವು ಕಣ್ಣೂರು ಜಿಲ್ಲೆಯವರಾದೆವು. 1984ರ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು.

ಈ ವರ್ಷಗಳನ್ನು ಒಂದು ಕಾಗದದಲ್ಲಿ ಬರೆದು ಟಿಪ್ಪಣಿ ಪುಸ್ತಕದ ಮೊದಲ ಪುಟಕ್ಕೆ ಅಂಟಿಸಿಕೊಳ್ಳಿ. ನಿಮ್ಮ ಪ್ರಶ್ನೆ ಯಾವ ವರ್ಷಕ್ಕೆ ಸೇರಿದ್ದೆಂದು ನೋಡಿದರೆ ಕಾಗದ ಯಾವ ಊರಿನಲ್ಲಿದೆ ಎಂಬುದು ತಾನಾಗಿ ಹೊಳೆಯುತ್ತದೆ. ಕಂಪೆನಿಯ ಕಾಲದಿಂದ 1956ರ ವರೆಗಿನ ಪ್ರಾಂತೀಯ ಕಡತಗಳಿಗೆ ಚೆನ್ನೈಯ ತಮಿಳುನಾಡು ಪತ್ರಾಗಾರವೇ ಮುಖ್ಯ ಸ್ಥಳ. ಆ ಬಳಿಕದವುಗಳಿಗೆ ಕೇರಳದ ಕಚೇರಿಗಳು ಮತ್ತು ರಾಜ್ಯ ಪತ್ರಾಗಾರ. ಮದ್ರಾಸು ಸರಕಾರವು ಭಾರತ ಸರಕಾರದ ಒಪ್ಪಿಗೆಗೋ ತಿಳಿವಳಿಕೆಗೋ ಮೇಲೆ ಕಳುಹಿಸಿದ ವಿಷಯಗಳು ಮಾತ್ರ ದಿಲ್ಲಿಯಲ್ಲಿ ಸಿಗುತ್ತವೆ.

ಎರಡು ಉದಾಹರಣೆಗಳು

ಮಂಗಳೂರಿಗೆ 1907ರಲ್ಲಿ ರೈಲು ಬಂತು. ದಕ್ಷಿಣದಿಂದ ಬಂದ ಈ ದಾರಿ ನಮ್ಮ ಕಾಸರಗೋಡನ್ನು ಹಾದೇ ಮಂಗಳೂರು ಸೇರಬೇಕಷ್ಟೆ. ಇದರ ಬಗ್ಗೆ ತಿಳಿಯಬೇಕಾದರೆ ಎಲ್ಲಿಗೆ ಹೋಗಬೇಕು? ಹೊಸ ರೈಲು ಮಾರ್ಗಕ್ಕೆ ಭಾರತ ಸರಕಾರದ ಒಪ್ಪಿಗೆ ಅಗತ್ಯವಿತ್ತು. ಆದುದರಿಂದ ದಿಲ್ಲಿಯಲ್ಲಿ ಹುಡುಕುವುದು ಸರಿ. ರೈಲ್ವೆ ಬೋರ್ಡು ಸ್ಥಾಪನೆಯಾದದ್ದು 1905ರಲ್ಲಿ. ಅದಕ್ಕಿಂತ ಹಿಂದಿನ ಕಾಗದಗಳಿಗೆ ಲೋಕೋಪಯೋಗಿ ಇಲಾಖೆಯ ರೈಲ್ವೆ ಶಾಖೆಯನ್ನೂ, ಅನಂತರದವುಗಳಿಗೆ ರೈಲ್ವೆ ಬೋರ್ಡನ್ನೂ ನೋಡಬೇಕು. ಈ ಒಂದು ವಿಷಯ ಗೊತ್ತಿಲ್ಲದವರು 1906ರ ಕಡತವನ್ನು ಹಳೆಯ ಶಾಖೆಯಲ್ಲಿ ಹುಡುಕಿ "ಏನೂ ಇಲ್ಲ" ಎಂದು ಹಿಂದಿರುಗುವ ಸಂಭವವಿದೆ.

ಇನ್ನೊಂದು ಉದಾಹರಣೆ 1941ರ ಕಯ್ಯೂರು ಪ್ರಕರಣ. ನಿರಂಜನರ 'ಚಿರಸ್ಮರಣೆ' ಕಾದಂಬರಿಯ ಮೂಲಕ ಕನ್ನಡ ಓದುಗರಿಗೆ ಅದು ಚಿರಪರಿಚಿತ. ಇಂದು ಅದನ್ನು ಉತ್ತರ ಮಲಬಾರಿನ ರೈತ ಹೋರಾಟವೆಂದು ಎಲ್ಲರೂ ಹೇಳುತ್ತಾರೆ. ಆದರೆ 1941ರಲ್ಲಿ ಕಯ್ಯೂರು ಇದ್ದದ್ದು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕಿನಲ್ಲಿ. ಮಲಬಾರಿನ ಕಡತಗಳನ್ನು ಮಾತ್ರ ತಿರುವಿದವರ ಕೆಲಸ ಅರ್ಧವಾಯಿತು ಎಂದೇ ಹೇಳಬೇಕು. ಬ್ರಿಟಿಷರ ಕಾಲದಲ್ಲಿ ಪ್ರತಿಯೊಂದು ಪ್ರಾಂತವೂ ಹದಿನೈದು ದಿನಗಳಿಗೊಮ್ಮೆ ರಾಜಕೀಯ ಪರಿಸ್ಥಿತಿಯ ಪಾಕ್ಷಿಕ ವರದಿಯನ್ನು ದಿಲ್ಲಿಗೆ ಕಳುಹಿಸುತ್ತಿತ್ತು. ಅವು ಗೃಹ ಇಲಾಖೆಯ ರಾಜಕೀಯ ಶಾಖೆಯಲ್ಲಿವೆ. ಕಯ್ಯೂರಿನ ಘಟನೆ ನಡೆದದ್ದು ಮಾರ್ಚ್ ತಿಂಗಳ ಕೊನೆಯಲ್ಲಿ. ಆದ್ದರಿಂದ ಮದ್ರಾಸಿನ 1941ರ ಮಾರ್ಚ್ ಉತ್ತರಾರ್ಧದ ಮತ್ತು ಏಪ್ರಿಲ್ ಪೂರ್ವಾರ್ಧದ ವರದಿಗಳನ್ನು ಕೇಳಬೇಕು. ತಾರೀಕು ಗೊತ್ತಿದ್ದರೆ ಕೆಲಸ ಎಷ್ಟು ಹಗುರವಾಗುತ್ತದೆ ಎಂಬುದಕ್ಕೆ ಇದು ನಿದರ್ಶನ.

ಹೊರಡುವ ಮುನ್ನ

ಕಾಸರಗೋಡಿನಿಂದ ದಿಲ್ಲಿಗೆ ಮಂಗಳಾ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿಯ ಪ್ರಯಾಣ. ಹಣ, ರಜೆ ಎರಡೂ ಖರ್ಚಾಗುತ್ತವೆ. ಆದುದರಿಂದ ಅಲ್ಲಿ ಮಾಡಬೇಕಾದ ಕೆಲಸದ ಅರ್ಧಭಾಗವನ್ನು ಊರಿನಲ್ಲೇ ಮುಗಿಸಿಕೊಳ್ಳುವುದು ಜಾಣತನ.

ಮೊದಲನೆಯದಾಗಿ, ಅಚ್ಚಾದ ಪುಸ್ತಕಗಳನ್ನು ಓದಿ ಮುಗಿಸಬೇಕು. ಸ್ಟರಕ್ ಮತ್ತು ಸ್ಟುವರ್ಟ್ ಎಂಬ ಅಧಿಕಾರಿಗಳು ಸಿದ್ಧಪಡಿಸಿದ ದಕ್ಷಿಣ ಕನ್ನಡ ಜಿಲ್ಲಾ ಮ್ಯಾನ್ಯುಯಲಿನ ಎರಡು ಸಂಪುಟಗಳು 1894 ಮತ್ತು 1895ರಲ್ಲಿ ಪ್ರಕಟವಾಗಿವೆ. 1801ರಲ್ಲಿ ಈ ದಾರಿಯಾಗಿ ಹೋದ ಬುಕಾನನ್ನನ ಪ್ರವಾಸ ವರದಿ 1807ರಲ್ಲಿ ಅಚ್ಚಾಗಿದೆ. ರಾಜ್ಯ ಪುನರ್ವಿಂಗಡಣಾ ಆಯೋಗದ 1955ರ ವರದಿ, ಮಹಾಜನ ಆಯೋಗದ 1967ರ ವರದಿ, ಇವೂ ಅಚ್ಚಿನಲ್ಲಿವೆ. ಅಚ್ಚಿನಲ್ಲಿ ಸಿಗುವುದನ್ನು ಕೈಬರಹದಲ್ಲಿ ಹುಡುಕುತ್ತಾ ದಿಲ್ಲಿಯಲ್ಲಿ ದಿನ ಕಳೆಯಬಾರದು. ಇಂಥ ಪುಸ್ತಕಗಳ ಅಡಿಟಿಪ್ಪಣಿಗಳಲ್ಲಿ ಕಡತದ ಸಂಖ್ಯೆ ಕಾಣಿಸಿದರೆ ಬರೆದಿಟ್ಟುಕೊಳ್ಳಿ. ಆ ಒಂದು ಸಂಖ್ಯೆ ಒಂದು ದಿನದ ಹುಡುಕಾಟವನ್ನು ಉಳಿಸೀತು.

ಎರಡನೆಯದಾಗಿ, ರಾಷ್ಟ್ರೀಯ ಪತ್ರಾಗಾರವು 2015ರಲ್ಲಿ 'ಅಭಿಲೇಖ್ ಪಟಲ್' ಎಂಬ ಅಂತರ್ಜಾಲ ತಾಣವನ್ನು ತೆರೆದಿದೆ. ಅದರಲ್ಲಿ ಹೆಸರು ನೋಂದಾಯಿಸಿ ಕಡತಗಳ ಸೂಚಿಯನ್ನು ಮನೆಯಲ್ಲೇ ನೋಡಬಹುದು. ಪ್ರತಿಬಿಂಬ ತೆಗೆದಿರಿಸಿದ ಕಡತಗಳನ್ನು ಅಲ್ಲೇ ಓದಲೂಬಹುದು. ಮನೆಯ ಮಕ್ಕಳ ಸಹಾಯದಿಂದ ಒಂದು ವಾರ ಇದರಲ್ಲಿ ಕೈಯಾಡಿಸಿದರೆ ದಿಲ್ಲಿಗೆ ಹೋಗುವ ಅಗತ್ಯವಿದೆಯೇ ಇಲ್ಲವೇ ಎಂಬುದೇ ತೀರ್ಮಾನವಾದೀತು. ಆದರೆ ತಾಣದಲ್ಲಿ ಕಾಣದ್ದು ಪತ್ರಾಗಾರದಲ್ಲಿ ಇಲ್ಲವೆಂದು ತಿಳಿಯಬಾರದು. ಅಚ್ಚಿನ ಹಳೆಯ ಸೂಚಿಗಳಲ್ಲಿ ಮಾತ್ರ ಇರುವುದೂ ಉಂಟು.

ಮೂರನೆಯದಾಗಿ, ಮುಂಚಿತವಾಗಿ ಪತ್ರ ಬರೆದು ವಾಚನ ಕೊಠಡಿಯ ವೇಳೆ, ರಜಾದಿನ, ನೋಂದಣಿಯ ಕ್ರಮಗಳನ್ನು ಕೇಳಿ ತಿಳಿದುಕೊಳ್ಳಿ. ಇವು ಕಾಲಕಾಲಕ್ಕೆ ಬದಲಾಗುತ್ತವೆ. ಗುರುತಿನ ಚೀಟಿ ಮತ್ತು ಅದರ ಪ್ರತಿಗಳು, ಎರಡು ಭಾವಚಿತ್ರ, ಕಾಲೇಜು ಅಥವಾ ಶಾಲೆಯ ಮುಖ್ಯಸ್ಥರಿಂದ ಮೊಹರು ಸಹಿತ ಒಂದು ಪರಿಚಯ ಪತ್ರ ಜತೆಯಲ್ಲಿರಲಿ. ಪರಿಚಯ ಪತ್ರದಲ್ಲಿ ವಿಷಯವನ್ನು ಸ್ಪಷ್ಟವಾಗಿ, ಆದರೆ ತೀರ ಸಂಕುಚಿತವಾಗದಂತೆ ಬರೆಸಿಕೊಳ್ಳಬೇಕು. ಜನವರಿ ತಿಂಗಳ ದ್ವಿತೀಯಾರ್ಧದಲ್ಲಿ ಹೋಗದಿರುವುದು ಲೇಸು. ಗಣರಾಜ್ಯೋತ್ಸವದ ಕವಾಯತು, ಪೂರ್ವಾಭ್ಯಾಸಗಳಿಂದಾಗಿ ಜನಪಥ ಮತ್ತು ಕರ್ತವ್ಯ ಪಥದ ಆಸುಪಾಸಿನ ರಸ್ತೆಗಳನ್ನು ಆಗಾಗ ಮುಚ್ಚುತ್ತಾರೆ. ಚಳಿಯೂ ನಮ್ಮ ಕರಾವಳಿಯವರಿಗೆ ತಡೆಯದು.

ನಮ್ಮ ಹೆಸರನ್ನು ಅವರು ಬರೆದ ಬಗೆ

ಸೂಚಿಯಲ್ಲಿ ಹುಡುಕುವಾಗ ಒಂದು ಮಾತನ್ನು ನೆನಪಿಡಬೇಕು. ಇಂದಿನ ಕಾಗುಣಿತದಲ್ಲಿ ಹಳೆಯ ಹೆಸರುಗಳು ಸಿಗುವುದಿಲ್ಲ. ಇಂಗ್ಲಿಷರು ನಮ್ಮ ಭಾಷೆಯನ್ನು ಬಹುಕಾಲ 'ಕೆನರೀಸ್' ಎಂದೇ ಬರೆದರು. 'ಕನ್ನಡ' ಎಂಬ ಶಬ್ದವನ್ನು ಮಾತ್ರ ಹುಡುಕಿದವರಿಗೆ ನೂರಾರು ಕಡತಗಳು ಕಾಣದೇ ಹೋಗುತ್ತವೆ. ಅದರಲ್ಲೂ ಒಂದು ಸೂಕ್ಷ್ಮವಿದೆ. ಮದ್ರಾಸಿನವರು ದಕ್ಷಿಣ ಕೆನರಾವನ್ನು ಸಾಮಾನ್ಯವಾಗಿ ಇಂಗ್ಲಿಷಿನ 'ಸಿ' ಅಕ್ಷರದಿಂದಲೂ, ಮುಂಬಯಿಯವರು ಉತ್ತರ ಕೆನರಾವನ್ನು 'ಕೆ' ಅಕ್ಷರದಿಂದಲೂ ಬರೆಯುತ್ತಿದ್ದರು. ಎರಡು ಅಕ್ಷರಗಳಲ್ಲೂ ನೋಡಲೇಬೇಕು. ಹೊಸದುರ್ಗ 'ಹೊಸ್‌ಡ್ರುಗ್' ಆಗಿರುತ್ತದೆ. ಕಾಸರಗೋಡಿಗೂ 'ಸಿ', 'ಕೆ' ಎರಡರ ಹಂಗೂ ಉಂಟು. ಒಂದೇ 'ಎಸ್' ಇರುವಲ್ಲಿ ಎರಡು ಇರಲೂಬಹುದು. ಒಂದು ಊರಿನ ಹೆಸರನ್ನು ನಮ್ಮ ಭಾಷೆ ಗೊತ್ತಿಲ್ಲದ ಪರದೇಶಿಯೊಬ್ಬ ಕಿವಿಯಲ್ಲಿ ಕೇಳಿದರೆ ಹೇಗೆಲ್ಲಾ ಬರೆದಾನು ಎಂದು ಯೋಚಿಸಿ, ಅಂಥ ನಾಲ್ಕೈದು ರೂಪಗಳನ್ನು ಮೊದಲೇ ಪಟ್ಟಿ ಮಾಡಿಕೊಳ್ಳಬೇಕು.

ಕಂದಾಯದ ಕಾಗದಗಳಲ್ಲಿ ಕ್ರಿಸ್ತಶಕದ ಬದಲು ಫಸಲಿ ವರ್ಷ ಇರುತ್ತದೆ. ಮದ್ರಾಸು ಪ್ರಾಂತದಲ್ಲಿ ಅದು ಜುಲೈ 1ರಿಂದ ಆರಂಭವಾಗುತ್ತಿತ್ತು. ಫಸಲಿಗೆ 590 ಸೇರಿಸಿದರೆ ಇಸವಿ ಸಿಗುತ್ತದೆ. ಫಸಲಿ 1300 ಎಂದರೆ 1890ರ ಜುಲೈಯಿಂದ 1891ರ ಜೂನ್ ವರೆಗೆ ಎಂದರ್ಥ.

ಇನ್ನು ವರ್ಗ, ಮೂಲಗೇಣಿ, ಚಾಲಗೇಣಿ, ಕುಮ್ಕಿ ಎಂಬ ಮಾತುಗಳನ್ನು ಇಂಗ್ಲಿಷ್ ಅಧಿಕಾರಿಗಳು ಹಾಗೆಯೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿಟ್ಟಿದ್ದಾರೆ. ಹೊರಗಿನ ಪಂಡಿತರು ಇವುಗಳಿಗಾಗಿ ನಿಘಂಟನ್ನು ತಡಕಾಡಬೇಕಾಗುತ್ತದೆ. ನಮ್ಮಲ್ಲಿ ಅಡಕೆ ತೋಟವಿರುವ ಯಾವ ಮನೆಯವರಿಗೂ ಇವು ಹೊಸತಲ್ಲ. ಗಡಿನಾಡಿನ ಕನ್ನಡಿಗನಿಗೆ ಪತ್ರಾಗಾರದಲ್ಲಿ ಸಹಜವಾಗಿ ಒದಗಿರುವ ಬಂಡವಾಳ ಇದು.

ವಾಚನ ಕೊಠಡಿಯಲ್ಲಿ

ಚೀಲ, ತಿಂಡಿ, ನೀರು ಎಲ್ಲವನ್ನೂ ಹೊರಗಿಟ್ಟು ಒಳಗೆ ಹೋಗಬೇಕು. ಶಾಯಿಯ ಪೆನ್ನಿನ ಬದಲು ಪೆನ್ಸಿಲನ್ನು ಒಯ್ಯಿರಿ. ಮೊದಲ ದಿನ ನೋಂದಣಿ ಮತ್ತು ಸೂಚಿಗಳ ಪರಿಚಯಕ್ಕೇ ಸರಿಹೋಗುತ್ತದೆ. ಆದ್ದರಿಂದ ಕಡಿಮೆಯೆಂದರೂ ನಾಲ್ಕೈದು ಕೆಲಸದ ದಿನಗಳನ್ನು ಇಟ್ಟುಕೊಂಡು ಹೋಗಬೇಕು.

ಸೂಚಿಯಲ್ಲಿ ಬೇಕಾದುದು ಕಂಡಾಗ ಬೇಡಿಕೆ ಚೀಟಿಯಲ್ಲಿ ಇಲಾಖೆ, ಶಾಖೆ, ವರ್ಷ, ತಿಂಗಳು, ಸಂಖ್ಯೆ ಎಲ್ಲವನ್ನೂ ತಪ್ಪಿಲ್ಲದೆ ಬರೆದು ಕೊಡಬೇಕು. ಕಡತ ಒಡನೆ ಬರುವುದಿಲ್ಲ. ಉಗ್ರಾಣದಿಂದ ತರಲು ಸಮಯ ಹಿಡಿಯುತ್ತದೆ. ಬೆಳಗ್ಗೆ ಹೋದೊಡನೆ ಚೀಟಿ ಕೊಟ್ಟು, ಕಾಯುವ ಹೊತ್ತಿನಲ್ಲಿ ಮರುದಿನದ ಸೂಚಿ ನೋಡುವುದು ಒಳ್ಳೆಯ ಕ್ರಮ. ಬೇಡಿಕೆಗಳನ್ನು ಒಂದೇ ಇಲಾಖೆಗೆ ಸೀಮಿತಗೊಳಿಸದೆ ಎರಡು ಮೂರು ಇಲಾಖೆಗಳಿಗೆ ಹಂಚಿದರೆ ಒಂದಲ್ಲ ಒಂದು ಕೈಸೇರುತ್ತದೆ.

ಕೆಲವು ಚೀಟಿಗಳು 'ಎನ್.ಟಿ.' ಎಂಬ ಎರಡಕ್ಷರ ಹೊತ್ತು ಮರಳುತ್ತವೆ. ಆ ಕಡತ ಇಲಾಖೆಯಿಂದ ಪತ್ರಾಗಾರಕ್ಕೆ ವರ್ಗಾವಣೆಯಾಗಿಲ್ಲ ಎಂದು ಅದರ ಅರ್ಥ. ಕಾಗದ ಪುಡಿಯಾಗುವ ಸ್ಥಿತಿಯಲ್ಲಿದ್ದರೂ ಕೊಡುವುದಿಲ್ಲ. ಬೇಸರಪಡಬಾರದು. ದಿಲ್ಲಿಗೆ ಬಂದ ಪತ್ರಕ್ಕೆ ಮದ್ರಾಸಿನಲ್ಲಿ ಒಂದು ಪ್ರತಿ ಇದ್ದೇ ಇರಬೇಕಲ್ಲ! ಒಂದು ಬಾಗಿಲು ಮುಚ್ಚಿದರೆ ಪತ್ರ ಹೊರಟ ಕಚೇರಿ ಯಾವುದೆಂದು ನೋಡಿ ಅಲ್ಲಿ ಹುಡುಕಬೇಕು.

ಹಳೆಯ ಗೃಹ ಇಲಾಖೆಯ ಕಡತಗಳಲ್ಲಿ 'ಎ', 'ಬಿ', 'ಡಿಪಾಸಿಟ್' ಎಂಬ ವಿಂಗಡಣೆ ಕಾಣುತ್ತದೆ. ಮುಖ್ಯವೆಂದು ಅವರಿಗೆ ತೋರಿದ್ದನ್ನು 'ಎ' ವರ್ಗದಲ್ಲಿ ಅಚ್ಚು ಹಾಕಿಸಿದರು. ಉಳಿದುವನ್ನು ಕೆಳಗಿನ ವರ್ಗಗಳಿಗೆ ಸೇರಿಸಿದರು. ಅವರಿಗೆ ಮುಖ್ಯವಲ್ಲದ್ದು ನಮಗೆ ಅತಿಮುಖ್ಯವಾಗಿರಬಹುದು. ಮೂಲೆಯ ಹಳ್ಳಿಯಿಂದ ಹೋದ ಒಂದು ಅರ್ಜಿ 'ಎ' ವರ್ಗಕ್ಕೆ ಏರುವುದು ಅಪರೂಪ. ಕಡತದ ಕೊನೆಗೆ 'ಕೆ.ಡಬ್ಲ್ಯು.' ಎಂದು ಗುರುತಿಸಿದ ಹಾಳೆಗಳಿದ್ದರೆ ಅವನ್ನು ಬಿಡಬೇಡಿ. ಮುಖ್ಯ ಕಡತದ ಜತೆಗೆ ಇಡತಕ್ಕ ಕಾಗದಗಳೆಂದು ಅದರರ್ಥ. ಅಧಿಕಾರಿಗಳು ತಮ್ಮತಮ್ಮೊಳಗೆ ಬರೆದುಕೊಂಡ ಮನದ ಮಾತು ಹಲವೊಮ್ಮೆ ಸಿಗುವುದು ಅಲ್ಲೇ.

ಕಡತವನ್ನು ಮುಟ್ಟುವಾಗ ನಮ್ಮ ಹಿರಿಯರು ಓಲೆಗರಿಯನ್ನು ಮುಟ್ಟುತ್ತಿದ್ದ ಜಾಗರೂಕತೆ ಇರಬೇಕು. ಬೆರಳನ್ನು ಎಂಜಲು ಮಾಡಿ ಹಾಳೆ ತಿರುವುವುದು, ಕಡತದ ಮೇಲೆಯೇ ಪುಸ್ತಕವಿಟ್ಟು ಬರೆಯುವುದು, ಮೂಲೆ ಮಡಚಿ ಗುರುತು ಮಾಡುವುದು, ಇವು ಕೂಡದು. ಹಾಳೆಗಳ ಕ್ರಮವನ್ನು ಬದಲಾಯಿಸಬಾರದು. ಫೋಟೋ ತೆಗೆಯುವ ಮುನ್ನ ಅನುಮತಿ ಕೇಳಬೇಕು. ಪ್ರತಿ ಬೇಕಾದವರು ಅರ್ಜಿ ಕೊಟ್ಟು ಶುಲ್ಕ ತೆತ್ತು ಪಡೆಯಬಹುದು. ಅಂಥ ಅರ್ಜಿಯನ್ನು ಕೊನೆಯ ದಿನಕ್ಕೆ ಉಳಿಸಿಕೊಂಡವರು ಪ್ರತಿಯಿಲ್ಲದೆ ರೈಲು ಹತ್ತಬೇಕಾಗುತ್ತದೆ.

ಟಿಪ್ಪಣಿ ಬರೆಯುವ ಕ್ರಮ

ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕದ ಉತ್ತರಕ್ಕಿಂತ ಅದನ್ನು ಮಾಡಿದ ಕ್ರಮಕ್ಕೆ ಹೆಚ್ಚು ಅಂಕ ಕೊಡುತ್ತೇವೆ. ಪತ್ರಾಗಾರದಲ್ಲಿಯೂ ಅದೇ ನ್ಯಾಯ. ಯಾವ ಸಂಗತಿಯನ್ನು ಬರೆದುಕೊಂಡರೂ ಅದರ ನೆತ್ತಿಯ ಮೇಲೆ ಪತ್ರಾಗಾರದ ಹೆಸರು, ಇಲಾಖೆ, ಶಾಖೆ, ವರ್ಷ, ಕಡತ ಸಂಖ್ಯೆ, ಪುಟ ಇಷ್ಟನ್ನು ಬರೆಯಲೇಬೇಕು. ಪ್ರತಿ ಹಾಳೆಗೂ ಬರೆಯಬೇಕು. ಸಂಖ್ಯೆಯಿಲ್ಲದ ಟಿಪ್ಪಣಿ ಮತ್ತೆ ಜಗಲಿಯ ಮಾತೇ ಆಗುತ್ತದೆ.

ಕಡತದಲ್ಲಿರುವ ವಾಕ್ಯವನ್ನು ನಕಲು ಮಾಡುವಾಗ ಅದರ ತಪ್ಪು ಕಾಗುಣಿತವನ್ನೂ ತಿದ್ದದೆ ಹಾಗೆಯೇ ಇಳಿಸಿಕೊಳ್ಳಿ. ನಿಮ್ಮ ಸ್ವಂತ ಅಭಿಪ್ರಾಯವನ್ನು ಬೇರೆ ಬಣ್ಣದಲ್ಲೋ ಬೇರೆ ಬದಿಯಲ್ಲೋ ಬರೆಯಿರಿ. ಆರು ತಿಂಗಳ ಬಳಿಕ ಓದುವಾಗ ಕಲೆಕ್ಟರನ ಮಾತು ಯಾವುದು, ನಮ್ಮ ಮಾತು ಯಾವುದು ಎಂಬ ಗೊಂದಲ ಬರಬಾರದಷ್ಟೆ. ಏನೂ ಸಿಗದ ಕಡತದ ಸಂಖ್ಯೆಯನ್ನೂ "ನೋಡಿದೆ, ಇಲ್ಲ" ಎಂದು ಬರೆದಿಡಿ. ಮುಂದೆ ಹೋಗುವವರಿಗೆ ಅದರಿಂದ ದೊಡ್ಡ ಉಪಕಾರ.

ಕಡತದಲ್ಲಿದ್ದ ಮಾತ್ರಕ್ಕೆ ಎಲ್ಲವೂ ಸತ್ಯವೆಂದು ನಂಬಲೂಬಾರದು. ಅದು ಅಧಿಕಾರಿಯ ಕಣ್ಣಿಗೆ ಕಂಡ ಸತ್ಯ. ರೈತರ ದೂರನ್ನು ಅವನು 'ಗಲಭೆ' ಎಂದು ಬರೆದಿರಬಹುದು. ಕನ್ನಡದಲ್ಲಿ ಬರೆದ ಅರ್ಜಿಯ ಇಂಗ್ಲಿಷ್ ಸಾರಾಂಶ ಮಾತ್ರ ಉಳಿದಿದ್ದರೆ, ಅನುವಾದಕ ಏನನ್ನು ಬಿಟ್ಟನೋ ಯಾರು ಬಲ್ಲರು? ಪತ್ರದ ಕರಡು ಪ್ರತಿ ಸಿಕ್ಕಿದರೆ ಅದನ್ನು ಕಳುಹಿಸಿದ್ದಾರೆಯೇ ಎಂದು ನೋಡಬೇಕು. ಹಿರಿಯರ ನೆನಪನ್ನು ಕಡತದಿಂದಲೂ, ಕಡತವನ್ನು ಹಿರಿಯರ ನೆನಪಿನಿಂದಲೂ ಒರೆ ಹಚ್ಚಿದಾಗ ನಿಜ ಸಂಗತಿ ಹೊರಬರುತ್ತದೆ.

ದಿಲ್ಲಿಗೆ ಮೊದಲು ಎಗ್ಮೋರು

ನಮ್ಮ ಶಾಲೆ, ದೇವಸ್ಥಾನ, ಭೂಮಿ, ರಸ್ತೆ, ಸಂತೆ ಇತ್ಯಾದಿಗಳ 1956ಕ್ಕೆ ಮುಂಚಿನ ವಿಚಾರಗಳಿಗೆ ದಿಲ್ಲಿಗಿಂತ ಚೆನ್ನೈ ಹತ್ತಿರವೂ ಹೌದು, ಫಲದಾಯಕವೂ ಹೌದು. ಎಗ್ಮೋರು ರೈಲು ನಿಲ್ದಾಣದ ಸಮೀಪ ಗಾಂಧಿ ಇರ್ವಿನ್ ರಸ್ತೆಯಲ್ಲಿರುವ ತಮಿಳುನಾಡು ಪತ್ರಾಗಾರವು ಹಿಂದಿನ ಮದ್ರಾಸ್ ರೆಕಾರ್ಡ್ ಆಫೀಸು. ಕಾಸರಗೋಡಿನಿಂದ ಒಂದು ರಾತ್ರಿಯ ಪ್ರಯಾಣ. ದಕ್ಷಿಣ ಕನ್ನಡದ ಜಿಲ್ಲಾ ದಾಖಲೆಗಳು, ರೆವೆನ್ಯೂ ಬೋರ್ಡಿನ ನಡವಳಿಗಳು, ಇಲಾಖೆಗಳ ಸರಕಾರಿ ಆಜ್ಞೆಗಳು ಅಲ್ಲಿವೆ. ಅಲ್ಲಿ ಬೇಕಾದ ಕೀಲಿಕೈ ಆಜ್ಞೆಯ ಸಂಖ್ಯೆ, ತಾರೀಕು ಮತ್ತು ಇಲಾಖೆ. ನಿಮ್ಮ ಶಾಲೆಯ ಹಳೆಯ ಪತ್ರವ್ಯವಹಾರದಲ್ಲಿ 'ಜಿ.ಓ. ನಂಬ್ರ' ಎಂದು ಎಲ್ಲಿಯಾದರೂ ಇದ್ದರೆ ಅದನ್ನು ಬರೆದುಕೊಂಡೇ ಹೊರಡಿ. ಕಲ್ಲಿಕೋಟೆಯಲ್ಲಿ ಕೇರಳ ರಾಜ್ಯ ಪತ್ರಾಗಾರದ ಪ್ರಾದೇಶಿಕ ಕಚೇರಿಯಿದ್ದು ಮಲಬಾರು ಕಲೆಕ್ಟರರ ದಾಖಲೆಗಳು ಅಲ್ಲಿವೆ. ಗಡಿಯ ಆಚೀಚಿನ ವಿಚಾರಗಳಿಗೆ ಅದನ್ನೂ ನೋಡಬೇಕು.

ಮನೆಯ ಅಟ್ಟವೂ ಪತ್ರಾಗಾರವೇ

ಇಷ್ಟೆಲ್ಲಾ ಹೇಳಿದ ಮೇಲೆ ಮನೆಯ ಮಾತನ್ನೂ ಹೇಳಬೇಕು. ಜಿಲ್ಲೆಯ ಕಚೇರಿಯಿಂದ ಮೇಲೆ ಹೋಗುವ ಕಾಗದ ಇಂಗ್ಲಿಷಿನಲ್ಲಿರುತ್ತಿತ್ತು. ಆದರೆ ಶಾನುಭೋಗರ ಲೆಕ್ಕ, ಪಟೇಲರ ವರದಿ, ಗೇಣಿ ಚೀಟಿ, ದಸ್ತಾವೇಜು, ಪಾಲುಪಟ್ಟಿ, ಶಾಲೆಯ ದಾಖಲಾತಿ ಪುಸ್ತಕ ಇವು ಕನ್ನಡದಲ್ಲಿದ್ದುವು. ಇಂಥ ಕಾಗದಗಳು ಹಲವು ಮನೆಗಳ ಅಟ್ಟದಲ್ಲಿ, ಮರದ ಪೆಟ್ಟಿಗೆಗಳಲ್ಲಿ ಇಂದಿಗೂ ಇವೆ. ಗೆದ್ದಲು, ಮಳೆಗಾಲದ ತೇವ ಮತ್ತು ಹಳೆ ಮನೆ ಕೆಡಹುವ ಉತ್ಸಾಹ ಈ ಮೂರರಿಂದ ಅವು ವರ್ಷ ವರ್ಷವೂ ನಾಶವಾಗುತ್ತಿವೆ. ಇವುಗಳಿಗೆ ಲ್ಯಾಮಿನೇಶನ್ ಮಾಡಿಸಬಾರದು. ಪಿನ್ನು ಚುಚ್ಚಬಾರದು. ಒಣಬಟ್ಟೆಯಲ್ಲಿ ಸುತ್ತಿ, ನೆಲದಿಂದ ಎತ್ತರದಲ್ಲಿ, ಗಾಳಿಯಾಡುವೆಡೆ ಇಟ್ಟು, ಪ್ರತಿಯೊಂದರ ಫೋಟೋ ತೆಗೆದಿಟ್ಟುಕೊಳ್ಳಬೇಕು.

ಅದಕ್ಕಿಂತಲೂ ದೊಡ್ಡ ಆತಂಕ ಇನ್ನೊಂದಿದೆ. ಕಾಗದ ಉಳಿದರೂ ಓದುವವರು ಉಳಿಯಬೇಕಲ್ಲ? ಶಾನುಭೋಗರ ಹಳೆಯ ಕೂಡಕ್ಷರವನ್ನು ಓದಬಲ್ಲವರು ಪ್ರತಿ ಗ್ರಾಮದಲ್ಲೂ ಬೆರಳೆಣಿಕೆಯಷ್ಟು ಮಂದಿ. ನಮ್ಮ ಮಕ್ಕಳು ಇಂಗ್ಲಿಷ್ ಮಾಧ್ಯಮದಲ್ಲೋ ಮಲಯಾಳ ಮಾಧ್ಯಮದಲ್ಲೋ ಕಲಿಯುವುದು ತಪ್ಪೆಂದು ಹೇಳಲಾರೆ. ಅವರವರ ಅನುಕೂಲ ಅವರವರಿಗೆ. ಆದರೆ ಕನ್ನಡ ಅಕ್ಷರವನ್ನೇ ಓದಲಾರದ ಮೊಮ್ಮಗನಿಗೆ ಅಜ್ಜನ ದಸ್ತಾವೇಜು ಬರೇ ಹಳೆ ಕಾಗದ. ಅದನ್ನು ಓದಿಸಲು ಅವನು ಪರರ ಮನೆ ಬಾಗಿಲಿಗೆ ಹೋಗಬೇಕಾದೀತು. ಮನೆಯಲ್ಲಿ ದಿನಕ್ಕೊಂದು ಪುಟ ಕನ್ನಡ ಓದಿಸುವುದರಿಂದ ಭಾಷಾಭಿಮಾನವೂ ಬೆಳೆಯುತ್ತದೆ, ಮನೆಯ ಆಧಾರಗಳ ರಕ್ಷಣೆಯೂ ಆಗುತ್ತದೆ.

ಅಲ್ಪಸಂಖ್ಯಾತರಿಗೆ ಆಧಾರ ಇತರರಿಗಿಂತ ಹೆಚ್ಚು ಬೇಕು. ಸಂಖ್ಯಾಬಲ ಇಲ್ಲದವನಿಗೆ ದಾಖಲೆಯೇ ಬಲ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯು ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರಕಾರದೊಡನೆ ಪತ್ರವ್ಯವಹಾರ ಮಾಡಬಹುದೆಂದು ಹೇಳುತ್ತದೆ. "ನಮಗೆ ಹಕ್ಕಿದೆಯಂತೆ" ಎಂದು ಬರೆದ ಅರ್ಜಿಗೂ, ಕಾಯಿದೆಯ ಹೆಸರು ಮತ್ತು ವರ್ಷವನ್ನು ತೋರಿಸಿ ಬರೆದ ಅರ್ಜಿಗೂ ಇರುವ ವ್ಯತ್ಯಾಸ ಕಚೇರಿಯ ಮೆಟ್ಟಿಲು ಹತ್ತಿದವರಿಗೆಲ್ಲ ಗೊತ್ತು. ಊರಿನ ಚರಿತ್ರೆಯ ಮಾತೂ ಹಾಗೆಯೇ.

ನಮ್ಮ ವಾಚನಾಲಯಗಳು, ಯುವಕ ಸಂಘಗಳು, ಶಾಲೆಗಳ ಹಳೆ ವಿದ್ಯಾರ್ಥಿ ಸಂಘಗಳು ಈ ಕೆಲಸವನ್ನು ಹಂಚಿಕೊಂಡು ಮಾಡಬಹುದು. ಒಬ್ಬರು ಅಚ್ಚಿನ ಪುಸ್ತಕ ನೋಡಲಿ, ಒಬ್ಬರು ಅಂತರ್ಜಾಲದ ಸೂಚಿ ನೋಡಲಿ, ರಜೆಯಲ್ಲಿ ಇಬ್ಬರು ಎಗ್ಮೋರಿಗೆ ಹೋಗಿ ಬರಲಿ. ಅಗತ್ಯ ಕಂಡರೆ ದಿಲ್ಲಿಯ ಯಾತ್ರೆ ಆಮೇಲೆ. ಆರಂಭಕ್ಕೆ ಊರಿನ ಬಗ್ಗೆ ಒಂದೇ ಒಂದು ಪ್ರಶ್ನೆ ಸಾಕು. ಇಂದು ಸಂಜೆ ಆ ಪ್ರಶ್ನೆಯನ್ನು ಒಂದು ಹಾಳೆಯಲ್ಲಿ ಬರೆದು, ಅದರ ಕೆಳಗೆ "ಯಾವ ವರ್ಷ? ಆಗ ನಮ್ಮೂರು ಯಾವ ಕಚೇರಿಯ ಅಧೀನ?" ಎಂದು ಎರಡು ಸಾಲು ಸೇರಿಸಿ.